ದೂರ ಕೂತ ಆಪರೇಟರ್‌ಗೆ ಕಾಯಲು ಬಿಡಿ

ಕ್ಯಾಬಿನ್‌ನಲ್ಲಿ ಕೂತ ಆಪರೇಟರ್ ಗಂಟೆಗೆ ಎಷ್ಟು ಟಿಪ್ಪರ್ ತುಂಬುತ್ತಾರೋ, ದೂರದ ಕೋಣೆಯಲ್ಲಿ ಸ್ಕ್ರೀನ್ ಮುಂದೆ ಕೂತವರೂ ಅಷ್ಟೇ ತುಂಬಬೇಕು. ರಿಮೋಟ್ ಎಕ್ಸ್‌ಕವೇಟರ್, ಅಂದರೆ ದೂರದಿಂದಲೇ ನಡೆಸುವ ಮಣ್ಣು ಅಗೆಯುವ ಯಂತ್ರದ ಕೆಲಸಕ್ಕೆ ಹೀಗೆ ಟಾರ್ಗೆಟ್ ಕೊಡುವುದು ತಪ್ಪು. ಬರೀ ತಪ್ಪಲ್ಲ, ಅಪಾಯ. ಯಾಕೆ ಅಂತ ಹೇಳುತ್ತೇನೆ.

ಈ ಯಂತ್ರಗಳು ಹೆಸರು ಮಾಡಿದ್ದು ಜೀವ ಉಳಿಸುವ ಕೆಲಸದಲ್ಲಿ. ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಿಂದ 1991ರ ಜೂನ್ 3ರಂದು ಸುಡುವ ಬೂದಿ ಮತ್ತು ಅನಿಲ ನುಗ್ಗಿ ಬಂದು 43 ಜನ ಸತ್ತರು. ಆ ಬೆಟ್ಟದ ಬುಡದಲ್ಲಿ ರಾಶಿ ಬಿದ್ದ ಕಲ್ಲು-ಮಣ್ಣು ತೆಗೆಯಲೇಬೇಕಿತ್ತು, ಆದರೆ ಯಾರನ್ನೂ ಅಲ್ಲಿಗೆ ಕಳಿಸುವ ಹಾಗಿರಲಿಲ್ಲ. ಅದೇ ದಶಕದಲ್ಲಿ ಅಲ್ಲಿ ದೂರದಿಂದ ನಡೆಸುವ ಯಂತ್ರಗಳು ಕೆಲಸಕ್ಕೆ ಇಳಿದವು. 2011ರ ದುರಂತದ ನಂತರ ಫುಕುಶಿಮಾ ಅಣುಸ್ಥಾವರದಲ್ಲಿ ಅವಶೇಷ ಎತ್ತುವುದಕ್ಕೂ ಇಂಥವನ್ನೇ ಬಳಸಿದರು.

ಈಗ ಆ ಆಪರೇಟರ್ ಜಾಗದಲ್ಲಿ ಕೂತು ಯೋಚಿಸಿ. ಕ್ಯಾಬಿನ್‌ನಲ್ಲಿದ್ದಾಗ ಬಕೆಟ್ ಬಂಡೆಗೆ ತಾಗಿದರೆ ಸೀಟೇ ಹೇಳುತ್ತದೆ. ಎಂಜಿನ್ ಸದ್ದು ಕುಗ್ಗಿದರೆ ಲೋಡ್ ಜಾಸ್ತಿ ಆಯಿತು ಅಂತ ಗೊತ್ತಾಗುತ್ತದೆ. ಚಕ್ರದ ಬದಲು ಇರುವ ಪಟ್ಟಿ, ಅಂದರೆ ಟ್ರ್ಯಾಕ್, ಒಂದು ಕಡೆ ಸ್ವಲ್ಪ ಮೇಲೆದ್ದರೂ ಮೈಗೆ ತಿಳಿಯುತ್ತದೆ. ಸ್ಕ್ರೀನ್ ಮುಂದೆ ಇದರಲ್ಲಿ ಹೆಚ್ಚಿನದು ಸಿಗುವುದಿಲ್ಲ. ಮಾಮೂಲಿ ಕ್ಯಾಮೆರಾದ ಚಿತ್ರದಲ್ಲಿ ಆಳ ಸರಿಯಾಗಿ ಕಾಣುವುದಿಲ್ಲ. ಬಕೆಟ್ ಟಿಪ್ಪರ್ ಬಾಡಿಯ ಮೇಲಿದೆಯಾ, ಇನ್ನೂ ಹಿಂದೆ ಇದೆಯಾ ಅಂತ ನೆರಳು ನೋಡಿ ಊಹಿಸಬೇಕು. ಸಾಲದ್ದಕ್ಕೆ ಜಾಯ್‌ಸ್ಟಿಕ್ ಅಲ್ಲಾಡಿಸಿದ ಮೇಲೆ ಅದರ ಫಲ ಕಣ್ಣಿಗೆ ಬೀಳುವುದಕ್ಕೆ ಸ್ವಲ್ಪ ತಡ.

ನನ್ನ ವಾದ ನಿಂತಿರುವುದೇ ಈ ತಡದ ಮೇಲೆ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಥಾಮಸ್ ಶೆರಿಡನ್ ಮತ್ತು ವಿಲಿಯಂ ಫೆರೆಲ್ ದೂರದಿಂದ ನಡೆಸುವ ಯಾಂತ್ರಿಕ ಕೈ ಇಟ್ಟುಕೊಂಡು ಪ್ರಯೋಗ ಮಾಡಿದರು. ಬೇಕೆಂದೇ ತಡ ಸೇರಿಸಿದರು. ಜನ ಏನು ಮಾಡಿದರು ಗೊತ್ತಾ? ಸ್ವಲ್ಪ ಸರಿಸಿದರು, ನಿಂತರು, ಚಿತ್ರ ಬರಲಿ ಅಂತ ಕಾದರು, ಮತ್ತೆ ಸ್ವಲ್ಪ ಸರಿಸಿದರು. ಅಂದರೆ ಆ ಕಾಯುವುದು ಸೋಮಾರಿತನ ಅಲ್ಲ, ಅದೇ ಕೆಲಸದ ಜಾಣತನ.

ಅವಸರ ಬಂದ ತಕ್ಷಣ ಮೊದಲು ಹೋಗುವುದು ಇದೇ. ಚಿತ್ರ ಬರುವ ಮೊದಲೇ ಆಪರೇಟರ್ ಇನ್ನೊಮ್ಮೆ ಜಾಯ್‌ಸ್ಟಿಕ್ ಒತ್ತುತ್ತಾರೆ. ಬಕೆಟ್ ಹೊತ್ತ ಉದ್ದ ತೋಳು, ಅಂದರೆ ಬೂಮ್, ಬೇಕಾದ ಜಾಗ ದಾಟಿಬಿಡುತ್ತದೆ. ಹಿಂದೆ ಎಳೆಯುತ್ತಾರೆ, ಅದೂ ಜಾಸ್ತಿ ಆಗುತ್ತದೆ. ಬಕೆಟ್ ಓಲಾಡುತ್ತದೆ, ಮಣ್ಣು ಹೊರಗೆ ಬೀಳುತ್ತದೆ. ಉಳಿಸಲು ಹೊರಟ ಸಮಯ ಅಲ್ಲೇ ಕೈಬಿಟ್ಟು ಹೋಗುತ್ತದೆ. ಇನ್ನೊಂದು ಕಡೆ, ಒತ್ತಡದಲ್ಲಿರುವ ಕಣ್ಣು ಮುಖ್ಯ ಸ್ಕ್ರೀನ್ ಬಿಟ್ಟು ಕದಲುವುದಿಲ್ಲ. ಪಕ್ಕದ ಕ್ಯಾಮೆರಾದಲ್ಲಿ ಯಾರೋ ಯಂತ್ರದ ಹತ್ತಿರ ನಡೆದು ಬಂದರೆ? ಅದು ಕಾಣಿಸುತ್ತಲೇ ಇರುತ್ತದೆ, ಆದರೆ ನೋಡುವವರು ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ಆಪರೇಟರ್ ಸುರಕ್ಷಿತವಾಗಿ ದೂರ ಇದ್ದಾರೆ, ಸರಿ. ಸೈಟ್‌ನಲ್ಲಿ ಉಳಿದವರು?

ಸ್ವಲ್ಪ ಒತ್ತಡ ಇದ್ದರೆ ಕೆಲಸ ಚುರುಕಾಗುತ್ತದೆ ಅನ್ನುವವರಿದ್ದಾರೆ. ಸುಲಭದ ಕೆಲಸಕ್ಕೆ ಆ ಮಾತು ಒಪ್ಪುತ್ತೇನೆ. ಆದರೆ 1908ರಲ್ಲೇ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಮನೋವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ಕೆಲಸ ಕಷ್ಟವಾದಷ್ಟೂ ಕಲಿಕೆಗೆ ಒಗ್ಗುವ ಒತ್ತಡದ ಮಟ್ಟ ಕಡಿಮೆ ಅಂತ ಕಂಡರು. ಇಲಿಯ ಪಾಠವನ್ನು ಮನುಷ್ಯರಿಗೆ ನೇರವಾಗಿ ಅಂಟಿಸುವುದು ಸರಿಯಲ್ಲ, ನಿಜ. ಆದರೂ ಚಪ್ಪಟೆ ಚಿತ್ರ ನೋಡಿಕೊಂಡು, ತಡ ಸಹಿಸಿಕೊಂಡು, ಟನ್‌ಗಟ್ಟಲೆ ತೂಕದ ಯಂತ್ರ ನಡೆಸುವುದನ್ನು ಸುಲಭದ ಕೆಲಸ ಅಂತ ಯಾರೂ ಹೇಳಲಾರರು, ಅಲ್ವಾ?

ಹಾಗಾದರೆ ಏನು ಮಾಡಬೇಕು? ಟಾರ್ಗೆಟ್ ಹಾಕುವ ಮೊದಲು ಅದೇ ಆಪರೇಟರ್, ಅದೇ ಸ್ಕ್ರೀನ್, ಅದೇ ನೆಟ್‌ವರ್ಕ್‌ನಲ್ಲಿ ಆರಾಮಾಗಿ ಎಷ್ಟು ಕೆಲಸ ಆಗುತ್ತದೆ ಅಂತ ಅಳೆಯಿರಿ. ಶಿಫ್ಟ್ ಮುಗಿದಾಗ ಅವರನ್ನು ಕೇಳಿ. ಕೆಲಸದ ಹೊರೆ ಅಳೆಯಲು 1980ರ ದಶಕದಲ್ಲಿ ನಾಸಾ ರೂಪಿಸಿದ ಟಿಎಲ್‌ಎಕ್ಸ್ ಅನ್ನುವ ಪ್ರಶ್ನಾವಳಿಯಲ್ಲಿ ಇರುವುದೇ ಆರು ಅಂಶ. ಅದರಲ್ಲಿ ಒಂದು, ಎಷ್ಟು ಅವಸರ ಅನ್ನಿಸಿತು ಅನ್ನುವುದು. ಕೇಳುವುದಕ್ಕೆ ಕೆಲವೇ ನಿಮಿಷ ಸಾಕು. ಸ್ಕ್ರೀನ್ ಮೂಲೆಯಲ್ಲಿ ಉಳಿದ ಟ್ರಿಪ್ ಎಣಿಸುವ ಅಂಕಿ ಇದ್ದರೆ ತೆಗೆಯಿರಿ, ಅಲ್ಲಿ ಸಿಗ್ನಲ್ ಎಷ್ಟು ತಡ ಆಗುತ್ತಿದೆ ಅಂತ ತೋರಿಸಿ. ತಡ ಹೆಚ್ಚಾದ ಗಂಟೆಯಲ್ಲಿ ಟಾರ್ಗೆಟ್ ತಾನಾಗಿಯೇ ಇಳಿಯಲಿ. ಅದಕ್ಕಾಗಿ ಆಪರೇಟರ್ ಯಾರ ಹತ್ತಿರವೂ ಹೋಗಿ ಕೇಳುವ ಪರಿಸ್ಥಿತಿ ಬರಬಾರದು.