ಬೋರ್ಡಿನ ಮೇಲೆ ನಿಮ್ಮ ಹೆಸರಿದ್ದರೆ ಸಾಲದು

ಕೇಳುಗರಿಗೆಲ್ಲ ನಮಸ್ಕಾರ.

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಕೆಲಸಕ್ಕಿರುವ ಹುಡುಗನೊಬ್ಬ ಈಗ ರೇಡಿಯೊ ಕೇಳುತ್ತಿದ್ದಾನೆ ಅಂದುಕೊಂಡು ಮಾತಾಡುತ್ತೇನೆ. ನಿನ್ನೆ ಮ್ಯಾನೇಜರು ಕರೆದು, “ನೈಜೀರಿಯಾದ ಲಾಗೋಸ್‌ಗೆ ಮೆಷಿನ್ ಹೋಗಿದೆ, ನೀನೇ ಹೋಗಿ ಕೂರಿಸಿ ಬಾ” ಅಂದಿದ್ದಾರೆ. ಮನೆಯಲ್ಲಿ ಅಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಅಮ್ಮ, ನೀವೂ ಇಲ್ಲೇ ಕೂತು ಕೇಳಿ.

ಪಂಪ್‌ಸೆಟ್ ಕಂಪನಿಯೊಂದರ ರಫ್ತು ವಿಭಾಗದಲ್ಲಿ 22 ವರ್ಷ ಇದ್ದವನು ನಾನು. ಅಷ್ಟು ವರ್ಷದಲ್ಲಿ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಕಾರು ಹತ್ತುವ ಮೊದಲು ಗುಟ್ಟಿನ ಪದ ಕೇಳಿ. ಏರ್‌ಪೋರ್ಟಿನಿಂದ ಕರೆದೊಯ್ಯಲು ಬಂದವನಿಗೆ ನಿಮ್ಮ ಹೆಸರು ಗೊತ್ತಿದ್ದರೆ ಸಾಲದು, ಆ ಪದ ಗೊತ್ತಿರಬೇಕು.

ಇದು ನನಗೆ ಹೊಳೆದದ್ದು 2008ರಲ್ಲಿ, ಲಾಗೋಸ್‌ನ ಮುರ್ತಲಾ ಮುಹಮ್ಮದ್ ವಿಮಾನ ನಿಲ್ದಾಣದಲ್ಲಿ. ದುಬೈ ಮೇಲೆ ಹೋಗಿ ಇಳಿದಾಗ ಸಂಜೆ. ಸೆಕೆ ಅಂದರೆ ನಮ್ಮ ಮಂಗಳೂರಿನ ಮೇ ತಿಂಗಳು. ಹೊರಗೆ ಬರುತ್ತಲೇ ಬಿಳಿ ಅಂಗಿಯ ಒಬ್ಬ, ಕೈಯಲ್ಲಿ ನನ್ನ ಹೆಸರಿನ ಬೋರ್ಡು. ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು, ಇರಲಿ, ನಮ್ಮ ಹೆಸರು ಅವರಿಗೆಲ್ಲಿ ಬರೆಯಲು ಬರಬೇಕು ಅಂದುಕೊಂಡೆ. “ವೆಲ್‌ಕಮ್, ಓಗಾ” ಅಂದ. ಓಗಾ ಅಂದರೆ ಅಲ್ಲಿ ಯಜಮಾನರು ಅಂತ. ಟ್ರಾಲಿ ಅವನೇ ತಳ್ಳಿದ. ನನಗೋ ಖುಷಿ. ಪಾರ್ಕಿಂಗಿನ ಮೂಲೆಯಲ್ಲಿ ದೀಪವಿಲ್ಲದ ಕಡೆ ಒಂದು ಕಾರು, ಒಳಗೆ ಆಗಲೇ ಇನ್ನೊಬ್ಬ ಕೂತಿದ್ದ. ಡಿಕ್ಕಿ ತೆಗೆಯುತ್ತಾ ಇವನು ಕೇಳಿದ, “ಯಾವ ಹೋಟೆಲು, ಓಗಾ?”

ಅಲ್ಲಿಗೆ ನನ್ನ ಖುಷಿ ಇಳಿಯಿತು. ನನ್ನನ್ನು ಕರೆದೊಯ್ಯಲು ಬಂದವನಿಗೆ ಹೋಟೆಲು ಯಾವುದು ಅಂತ ಗೊತ್ತಿಲ್ಲವೇ? ಇನ್ನೊಂದು ಪೆಟ್ಟಿಗೆ ಒಳಗೇ ಉಳಿಯಿತು ಅಂತ ಸುಳ್ಳು ಹೇಳಿ, ಟ್ರಾಲಿ ಕಿತ್ತುಕೊಂಡು, ಜನ ಇದ್ದ ಕಡೆಗೆ ಹೆಚ್ಚುಕಡಿಮೆ ಓಡಿದೆ. ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಡ್ರೈವರು ಎರಡು ಗಂಟೆಯಿಂದ ನಿಂತು ಕಾಲು ಬದಲಾಯಿಸುತ್ತಿದ್ದ. ಅವನ ಕೈಯಲ್ಲೂ ನನ್ನ ಹೆಸರು. ಅದರಲ್ಲೂ ಅದೇ ಅಕ್ಷರ ಇಲ್ಲ. ಆ ಬಿಳಿ ಅಂಗಿಯವನು ಇವನ ಬೋರ್ಡು ನೋಡಿ, ತಪ್ಪಿನ ಸಮೇತ ನಕಲು ಮಾಡಿದ್ದ!

ಮುದುಕನಿಗೆ ಹೋಟೆಲಿನ ಹೆಸರು, ಕಳಿಸಿದವರ ಹೆಸರು ಎಲ್ಲ ಗೊತ್ತಿತ್ತು. ಸುಮಾರು 12 ಕಿಲೋಮೀಟರ್ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಸೇತುವೆ ದಾಟುವವರೆಗೂ ಅವನು ನನಗೇ ಸಮಾಧಾನ ಹೇಳಿದ. ಅವರ ದಂಡಸಂಹಿತೆಯಲ್ಲಿ ವಂಚನೆಯ ಕಲಮು 419 ಅಂತ ಹೇಳಿಕೊಟ್ಟವನೂ ಅವನೇ. ನಮ್ಮಲ್ಲಿ ಫೋರ್ ಟ್ವೆಂಟಿ ಅಂದ ಹಾಗೆ ಅಲ್ಲಿ ಫೋರ್ ಒನ್ ನೈನ್. ಒಂದೇ ನಂಬರ್ ವ್ಯತ್ಯಾಸ. ಒಳ್ಳೆಯವರೂ ಹಾಗೇ, ನಮ್ಮಲ್ಲಿದ್ದಷ್ಟೇ ಅಲ್ಲೂ ಇದ್ದಾರೆ.

ಮುಂದಿನ ಸಲದಿಂದ ನಾನು ಹೊರಡುವ ಮೊದಲೇ ಡ್ರೈವರನ್ನು ಕಳಿಸುವವರಿಗೆ ಫೋನಿನಲ್ಲಿ ಒಂದು ಕನ್ನಡ ಪದ ಹೇಳಿಕೊಡುತ್ತಿದ್ದೆ. ಇಮೇಲಿನಲ್ಲಿ ಅಲ್ಲ, ಫೋನಿನಲ್ಲಿ. ಡ್ರೈವರು ಬಂದು “ಚಿಟ್ರಾನ” ಅನ್ನಬೇಕು, ಆಮೇಲೇ ಕಾರು. ರೇಡಿಯೊದಲ್ಲಿ ಹೇಳಿಬಿಟ್ಟೆನಲ್ಲ, ಇನ್ನು ಚಿತ್ರಾನ್ನ ಕೆಲಸಕ್ಕೆ ಬಾರದು, ನಿಮ್ಮದು ನೀವು ಹುಡುಕಿಕೊಳ್ಳಿ.

“ಸರ್, ನಾನು ಗೂಗಲ್‌ನಲ್ಲಿ ನೋಡಿಕೊಂಡಿದ್ದೇನೆ” ಅನ್ನುವ ಹುಡುಗರನ್ನು ಕಂಡರೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಚಟ್ನಿಪುಡಿ ಕಟ್ಟುವುದಕ್ಕೆ ಮೂರು ದಿನ ಇರುತ್ತದೆ. ಡ್ರೈವರ್ ಯಾರು, ಕಾರಿನ ನಂಬರ್ ಏನು ಅಂತ ಕೇಳುವುದಕ್ಕೆ ಮೂರು ನಿಮಿಷ ಇರುವುದಿಲ್ಲ. ಗುಟ್ಟಿನ ಪದ ಹೇಳದವನ ಕಾರು ಹತ್ತಬೇಡಿ. ಅವನು ಎಷ್ಟೇ ನಗಲಿ, ಎಷ್ಟೇ ಓಗಾ ಅನ್ನಲಿ, ಹತ್ತಬೇಡಿ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆಯಂತೆ. ಬೇಗ ಹೇಳುತ್ತೇನೆ. ಕತ್ತಲಾದ ಮೇಲೆ ಊರಿಂದ ಊರಿಗೆ ಹೋಗಬೇಡಿ. ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಓಡಾಡಬೇಡಿ. ಅಮ್ಮ, ಮಗನ ಕೊರಳಿನ ಚೈನು ಇಲ್ಲೇ ಬಿಚ್ಚಿಸಿಡಿ. ನಮ್ಮ ಹೈಕಮಿಷನ್ ಇರುವುದು ರಾಜಧಾನಿ ಅಬುಜಾದಲ್ಲಿ. ಅವರ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳಿ, ಮೊಬೈಲ್ ಹೋದರೆ ಅದರೊಳಗಿನ ನಂಬರೂ ಹೋಗುತ್ತದೆ.

ಹಾಂ, ಹಳದಿ ಜ್ವರದ ಚುಚ್ಚುಮದ್ದು ಮರೆತೇಬಿಟ್ಟಿದ್ದೆ. ಒಂದು ಸಲ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು, ಆದರೆ ಅದರ ಸರ್ಟಿಫಿಕೇಟು ಚಾಲ್ತಿಗೆ ಬರುವುದು 10 ದಿನ ಕಳೆದ ಮೇಲೆ. ಅದಿಲ್ಲದೆ ವಾಪಸು ಬಂದರೆ ನಮ್ಮ ಏರ್‌ಪೋರ್ಟಿನವರೇ 6 ದಿನದವರೆಗೆ ಬೇರೆ ಇಡಬಹುದು. ಹಾಗಾಗಿ ಮ್ಯಾನೇಜರು “ನಾಳೆಯೇ ಹೊರಡು” ಅಂದರೆ, ಆಗುವುದಿಲ್ಲ ಸರ್, ಇನ್ನೂ ಹತ್ತು ದಿನ ಬೇಕು ಅನ್ನಿ. ರೇಡಿಯೊದಲ್ಲಿ ಹೇಳಿದರು ಅನ್ನಿ. ನಮಸ್ಕಾರ.