ಸಿಂಗಾಪುರ, ದಕ್ಷಿಣ ಆಫ್ರಿಕಾ ಮತ್ತು ನಮ್ಮ ನಾಲ್ಕನೇ ಕ್ಲಾಸು

ಎಲ್ಲ ಶಿಕ್ಷಕರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ನಾಲ್ಕನೇ ತರಗತಿಯ ಮಕ್ಕಳ ಓದನ್ನು ದೇಶದೇಶಗಳ ನಡುವೆ ಹೋಲಿಸುವ ಪರೀಕ್ಷೆಯೊಂದಿದೆ, ಹೆಸರು ಪರ್ಲ್ಸ್ (PIRLS). ಐಇಎ ಎಂಬ ಸಂಸ್ಥೆ 2001ರಿಂದ ಐದು ವರ್ಷಕ್ಕೊಮ್ಮೆ ನಡೆಸುತ್ತಿದೆ. 2021ರ ಸುತ್ತಿನಲ್ಲಿ 57 ದೇಶಗಳ ಸುಮಾರು ನಾಲ್ಕು ಲಕ್ಷ ಮಕ್ಕಳು ಬರೆದರು. ಅಳತೆಯ ನಡುಬಿಂದು 500. ಸಿಂಗಾಪುರಕ್ಕೆ 587, ಐರ್ಲೆಂಡಿಗೆ 577. ಕಟ್ಟಕಡೆಗೆ ದಕ್ಷಿಣ ಆಫ್ರಿಕಾ, 288. ಭಾರತ ಇದರಲ್ಲಿ ಪಾಲ್ಗೊಂಡಿಲ್ಲ. ಆದ್ದರಿಂದ ‘ನಮ್ಮದು ಎಷ್ಟನೇ ನಂಬರು’ ಎಂದು ಕೇಳಬೇಡಿ. ಗೊತ್ತಿದ್ದರೂ ಒಂದು ದಿನ ಪೇಪರಿನಲ್ಲಿ ಬಂದು ಮರೆತುಹೋಗುತ್ತಿತ್ತು, ಅಷ್ಟೆ.

ನನಗೆ ಮುಖ್ಯವಾಗಿ ಕಾಣುವುದು ಅವರು ಕೇಳುವ ಪ್ರಶ್ನೆಗಳು. ಮಗುವಿನ ಮುಂದೆ ಒಂದು ಕಥೆಯನ್ನೋ ಮಾಹಿತಿ ಬರಹವನ್ನೋ ಇಡುತ್ತಾರೆ. ಗಟ್ಟಿಯಾಗಿ ಓದಿಸುವುದಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರ ಬರಹದಲ್ಲೇ ಸಿಗುತ್ತದೆ: ಯಾರು, ಎಲ್ಲಿ, ಯಾವಾಗ. ಇನ್ನು ಕೆಲವು ಹಾಗಲ್ಲ. ಅವಳು ಆ ಮಾತು ಯಾಕೆ ಆಡಿದಳು? ಇವನ ಮನಸ್ಸು ಬದಲಾಯಿತೆಂದು ಯಾವುದರಿಂದ ಗೊತ್ತಾಯಿತು? ಉತ್ತರ ಯಾವೊಂದು ಸಾಲಿನಲ್ಲೂ ಇಲ್ಲ, ಸಾಲು ಸಾಲು ಕೂಡಿಸಿ ಮಗುವೇ ಕಟ್ಟಬೇಕು.

ನಮ್ಮಲ್ಲಿ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೇ ಹೋಗಿ ಅಕ್ಷರ, ಪದ, ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಕಥೆಯೊಂದನ್ನು ಓದಿಸುತ್ತಾರೆ. 2024ರಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಆ ಕಥೆ ಓದಬಲ್ಲವರು ಶೇ. 23.4. ನಮ್ಮ ಅಳತೆ ಮುಗಿಯುವಲ್ಲಿ ಪರ್ಲ್ಸ್ ಶುರುವಾಗುತ್ತದೆ.

ಕನ್ನಡ ಕಲಿಯುವ ಮಗುವಿನ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಗ್ಲಿಷಿನ 26 ಅಕ್ಷರದ ಲೆಕ್ಕ ಇಲ್ಲಿ ನಡೆಯದು. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು. ಈ ಅಕ್ಷರಜ್ಞಾನ ಗಟ್ಟಿಯಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆಂದು ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಹಾಗಿರುವಾಗ ‘ಮೊದಲು ಒತ್ತಕ್ಷರ ಸರಿಯಾಗಲಿ, ಅರ್ಥ ಆಮೇಲೆ’ ಎಂದು ಕೂತರೆ ಆ ‘ಆಮೇಲೆ’ ಬರುವಷ್ಟರಲ್ಲಿ ಮಗು ಹೈಸ್ಕೂಲಿನ ಬಾಗಿಲಲ್ಲಿರುತ್ತದೆ.

ಈಗ ಕೊಡಗಿನ ಮಾತು. ನಮ್ಮ ಒಂದೇ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಆಡುವ ಮಕ್ಕಳಿರುತ್ತಾರೆ. ಹಾಡಿಯಿಂದ ಬರುವ ಎರವ, ಜೇನು ಕುರುಬ ಮಕ್ಕಳಿರುತ್ತಾರೆ. ಈಚೆಗೆ ತೋಟದ ಕೂಲಿಯವರ ಲೈನ್ ಮನೆಗಳಿಂದ ಅಸ್ಸಾಮಿನ ಮಕ್ಕಳೂ. ‘ಮನೆಮಾತು ಬೇರೆ, ಅದಕ್ಕೇ ಓದು ಹತ್ತುವುದಿಲ್ಲ’ ಎನ್ನುತ್ತೇವೆ. ಸಿಂಗಾಪುರದಲ್ಲೂ ಎಷ್ಟೋ ಮನೆಗಳಲ್ಲಿ ಚೀನೀ, ಮಲಯ್, ತಮಿಳು. ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ. 2001ರಲ್ಲಿ ಅವರಿಗಿದ್ದದ್ದು 528, 2021ರಲ್ಲಿ ಅದು 587ಕ್ಕೆ ಏರಿತು. ಅತ್ತ ದಕ್ಷಿಣ ಆಫ್ರಿಕಾ 11 ಭಾಷೆಗಳಲ್ಲಿ ಪರೀಕ್ಷೆ ಕೊಟ್ಟಿತು, ಆದರೂ ಶೇ. 81ರಷ್ಟು ಮಕ್ಕಳು 400ರ ಕನಿಷ್ಠ ಮಟ್ಟ ಮುಟ್ಟಲಿಲ್ಲ. ಮನೆಮಾತು ಬೇರೆ ಎಂಬುದೊಂದೇ ಅಡ್ಡಿಯಲ್ಲ, ಮನೆಮಾತೊಂದೇ ಮದ್ದೂ ಅಲ್ಲ. ಸಿಂಗಾಪುರಕ್ಕೂ ನಮಗೂ ದುಡ್ಡಿನ ಅಂತರ ದೊಡ್ಡದು, ಒಪ್ಪುತ್ತೇನೆ. ಆದರೆ ಸಿಂಗಾಪುರ 2006ರಿಂದೀಚೆಗೆ ಕೆಳ ತರಗತಿಗಳಲ್ಲಿ ತಂದ ಪದ್ಧತಿಗೆ ಹೆಚ್ಚು ದುಡ್ಡು ಬೇಡ: ಮೇಷ್ಟ್ರು ದೊಡ್ಡ ಪುಸ್ತಕವೊಂದನ್ನು ಮಕ್ಕಳೊಂದಿಗೆ ಓದುತ್ತಾರೆ, ಅದರ ಬಗ್ಗೆ ಮಾತಾಡಿಸುತ್ತಾರೆ, ಬರವಣಿಗೆ ಆಮೇಲೆ. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ, ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಆದರೆ ಕಾರ್ಡು ಹಿಡಿದು ಕೂತ ಮಗುವಿನೊಡನೆ ಮಾತಾಡುವವರು ಬೇಕಲ್ಲ!

ಪರ್ಲ್ಸ್‌ನ ಹಳೆಯ ಕೆಲವು ಕಥೆಗಳು, ಪ್ರಶ್ನೆಗಳು ಸಾರ್ವಜನಿಕವಾಗಿ ಸಿಗುತ್ತವೆ. ಒಂದನ್ನು ಕನ್ನಡಕ್ಕೆ ತಂದು ನಿಮ್ಮ ನಾಲ್ಕನೇ ಕ್ಲಾಸಿನಲ್ಲಿ ಓದಿಸಿ. ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಅರೆಭಾಷೆಯಲ್ಲಿ ಬರಲಿ, ಎರವ ಮಾತಿನಲ್ಲಿ ಬರಲಿ, ತಪ್ಪು ಹಾಕಬೇಡಿ. ಉತ್ತರ ಬರದವರಿಗೆ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ, ಅಂಥದೇ ಪ್ರಶ್ನೆ ಕೇಳಿ. ಈಗ ಉತ್ತರ ಬಂತೆಂದರೆ ತೊಡಕು ಅಕ್ಷರದಲ್ಲಿದೆ, ಓದಿನ ಅಭ್ಯಾಸ ಹೆಚ್ಚಿಸಬೇಕು. ಕಥೆ ಕೇಳಿಸಿಕೊಂಡರೂ ಬರಲಿಲ್ಲವೆಂದರೆ ಕನ್ನಡವೇ ಇನ್ನೂ ಆ ಮಗುವಿನ ಕಿವಿಗೆ ಬಿದ್ದಿಲ್ಲ. ಅಲ್ಲಿ ಇನ್ನಷ್ಟು ಕಾಗುಣಿತ ಬರೆಸಿ ಉಪಯೋಗವಿಲ್ಲ, ದಿನಾ ಕಥೆ ಹೇಳಬೇಕು, ಮಾತಾಡಿಸಬೇಕು.