ಗಿಟಾರಿನ ಗಾಡಿಯಲ್ಲಿ ಒಂದು ಉಪ್ಪಿನ ಚೀಲ

ಕೇಳುಗರೇ, ನಮಸ್ಕಾರ.

ರಾಕ್ ಬ್ಯಾಂಡಿನ ಜೊತೆ ಊರೂರು ತಿರುಗಿದವನು ಎಂದರೆ ಜನ ಮೊದಲು ನನ್ನ ಕೂದಲು ನೋಡುತ್ತಾರೆ. ಉದ್ದ ಇಲ್ಲ. ಆಮೇಲೆ ಕೈ ನೋಡುತ್ತಾರೆ. ಹಚ್ಚೆಯೂ ಇಲ್ಲ. ‘ಹಾಗಾದರೆ ನೀವು ಏನು ಬಾರಿಸುತ್ತಿದ್ದಿರಿ?’ ಎಂದು ಕೇಳುತ್ತಾರೆ. ನಾನು ಏನನ್ನೂ ಬಾರಿಸುತ್ತಿರಲಿಲ್ಲ. ವೈರು ಸುತ್ತುತ್ತಿದ್ದೆ. ಮೂರು ವರ್ಷ, ಶಿರಸಿ, ಕುಮಟಾ, ಕಾರವಾರ, ಹುಬ್ಬಳ್ಳಿ, ಒಮ್ಮೊಮ್ಮೆ ಕಾಳಿ ಹೊಳೆ ದಾಟಿ ಗೋವಾ. ಬಾರಿಸುವವರು, ಹಾಡುವವರು ಸೇರಿ ನಾಲ್ವರು. ಸೌಂಡಿಗೆ ನಾನು. ಟೆಂಪೋಗೆ ಅಂಕೋಲೆಯ ಡ್ರೈವರಣ್ಣ.

ವೈರು ಸುತ್ತುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಬಾವಿ ಹಗ್ಗದ ಹಾಗೆ ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಒಂದು ದಿನ ತುಂಡಾಗುತ್ತದೆ. ಅದೂ ಹಾಡಿನ ನಡುವೆಯೇ. ಒಂದು ಸುತ್ತು ನೇರ, ಮುಂದಿನ ಸುತ್ತು ಒಳಗೆ ಮಗುಚಿ, ಮತ್ತೆ ನೇರ. ಹಾಗೆ ಸುತ್ತಿದ ವೈರನ್ನು ಒಂದು ತುದಿ ಹಿಡಿದು ಎಸೆದರೆ ಗಂಟು ಬೀಳದೆ ಬಿಚ್ಚಿಕೊಳ್ಳುತ್ತದೆ. ಇದು ಕೈಗೆ ಹತ್ತಲು ನನಗೆ ಒಂದು ತಿಂಗಳು ಬೇಕಾಯಿತು. ಗಾಡಿಗೆ ಹೇರುವುದಕ್ಕೂ ಲೆಕ್ಕ ಉಂಟು. ವೇದಿಕೆಯಲ್ಲಿ ಮೊದಲು ಕೂರಬೇಕಾದದ್ದು ಡ್ರಮ್ಮು. ಹಾಗಾಗಿ ಅದನ್ನು ಎಲ್ಲಕ್ಕಿಂತ ಕೊನೆಗೆ ಹೇರಬೇಕು. ಮರೆತು ಮೊದಲೇ ಹೇರಿದಿರೋ, ಇಳಿಸುವಾಗ ಇಡೀ ಗಾಡಿ ಖಾಲಿ ಮಾಡುವ ಶಿಕ್ಷೆ.

ಐರನ್ ಮೇಡನ್ ಎಂಬ ಇಂಗ್ಲೆಂಡಿನ ಬ್ಯಾಂಡು 2008ರಲ್ಲಿ ತನ್ನ ಲೋಕ ಸಂಚಾರಕ್ಕೆ ಒಂದು ಬೋಯಿಂಗ್ 757 ವಿಮಾನವನ್ನೇ ಬಾಡಿಗೆಗೆ ತೆಗೆದುಕೊಂಡಿತ್ತು. ಸಾಮಾನು, ಕೆಲಸದವರು, ಕಲಾವಿದರು ಎಲ್ಲ ಅದರಲ್ಲೇ. ಆ ತಿರುಗಾಟದ ಮೊದಲ ಕಾರ್ಯಕ್ರಮ ನಮ್ಮ ಮುಂಬಯಿಯಲ್ಲಿ. ವಿಮಾನ ಹಾರಿಸುತ್ತಿದ್ದವನು ಬ್ಯಾಂಡಿನ ಹಾಡುಗಾರ ಬ್ರೂಸ್ ಡಿಕಿನ್ಸನ್! ನಮ್ಮ ಹಾಡುಗಾರನ ಕೈಗೆ ಸ್ಟೇರಿಂಗ್ ಕೊಟ್ಟಿದ್ದರೆ ದೇವಿಮನೆ ಘಾಟಿನ ಎರಡನೇ ತಿರುವಿನಲ್ಲೇ ನಮ್ಮ ಕಛೇರಿ ಮುಗಿಯುತ್ತಿತ್ತು.

ಘಾಟಿನ ಮಾತು ಬಂತಲ್ಲ. ಮಾಗಿಯ ಬೆಳಿಗ್ಗೆ ಶಿರಸಿಯ ಥಂಡಿಯಲ್ಲಿ ಶ್ರುತಿ ಮಾಡಿಟ್ಟ ಗಿಟಾರು, ಕುಮಟಾಕ್ಕೆ ಇಳಿಯುವಷ್ಟರಲ್ಲಿ ಬೇರೆಯದೇ ರಾಗ ಹೇಳುತ್ತದೆ. ಸೆಖೆಗೆ ಉಕ್ಕಿನ ತಂತಿ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಕರಾವಳಿಯ ತೇವಕ್ಕೆ ಮರ ಉಬ್ಬುತ್ತದೆ. ಅದಕ್ಕಿಂತ ದೊಡ್ಡ ಶತ್ರು ಉಪ್ಪು ಗಾಳಿ. ಕಾರವಾರದ ಕಡಲತಡಿಯಲ್ಲಿ, ಮಯೂರವರ್ಮ ವೇದಿಕೆಯ ಹತ್ತಿರ ಒಂದು ಸಂಜೆ ಗಿಟಾರು ತೆರೆದಿಟ್ಟು ನೋಡಿ. ಒರೆಸದೆ ಬಿಟ್ಟರೆ ನಾಲ್ಕೇ ದಿನದಲ್ಲಿ ತಂತಿಗೆ ತುಕ್ಕು. ವೈರು ಚುಚ್ಚುವ ಜ್ಯಾಕಿನ ತೂತಿನಲ್ಲೂ ತುಕ್ಕು, ಮುಟ್ಟಿದರೆ ಸ್ಪೀಕರಿನಲ್ಲಿ ಕರಕರ. ನನ್ನ ಜೇಬಿನಲ್ಲಿ ಯಾವಾಗಲೂ ಹಳೆಯ ಪಂಚೆಯ ಒಂದು ತುಂಡು ಇರುತ್ತಿತ್ತು.

ಅಂಥ ಉಪ್ಪನ್ನೇ ನಮ್ಮ ಡ್ರೈವರಣ್ಣ ಗಾಡಿಯಲ್ಲಿ ಚೀಲ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ದಪ್ಪ ಉಪ್ಪು. ಮೊದಲು ನಾನು ಮನೆಗೆ ಒಯ್ಯುತ್ತಾನೆ ಅಂದುಕೊಂಡಿದ್ದೆ.

ಒಂದು ಊರಿನಲ್ಲಿ ಜನರೇಟರಿಗೆ ಅರ್ಥಿಂಗೇ ಕೊಟ್ಟಿರಲಿಲ್ಲ. ಹಾಡುಗಾರನ ಕೈ ಗಿಟಾರಿನ ತಂತಿಯ ಮೇಲೆ. ಮೈಕಿಗೆ ತುಟಿ ತಾಗಿಸಿದ್ದೇ ತಡ, ‘ಅಯ್ಯೋ ಆಯೀ’ ಎಂದು ಹಾರಿಬಿದ್ದ. ಜನ ಅದೂ ಹಾಡಿನ ಭಾಗ ಎಂದು ಚಪ್ಪಾಳೆ ಹೊಡೆದರು! ನನಗೆ ಎದೆ ಧಸಕ್ಕೆಂದಿತು. ಗಿಟಾರಿನ ಲೋಹ ಒಂದು ಕಡೆ, ಮೈಕಿನ ಲೋಹ ಇನ್ನೊಂದು ಕಡೆ, ನಡುವೆ ಮನುಷ್ಯ. ಕರೆಂಟಿಗೆ ಅವನೇ ದಾರಿ. ಹೀಗೆ ಜೀವ ಕಳೆದುಕೊಂಡ ಕಲಾವಿದರೂ ಇದ್ದಾರೆ. ಸಂಘಟಕರು ‘ನಿನ್ನೆ ಡ್ಯಾನ್ಸ್ ಇತ್ತಲ್ಲ, ಅವರಿಗೇನೂ ಆಗಲಿಲ್ಲ’ ಎಂದರು. ಡ್ರೈವರಣ್ಣ ಅವರ ಜೊತೆ ಮಾತಿಗೇ ಹೋಗಲಿಲ್ಲ. ಜನರೇಟರ್ ಬಂದ್ ಮಾಡಿಸಿದ. ಗಾಡಿಯಿಂದ ಕಬ್ಬಿಣದ ಸಲಾಕೆ ತಂದು ಆಳಕ್ಕೆ ಹೊಡೆದ. ಸುತ್ತ ಉಪ್ಪು ಸುರಿದು ಎರಡು ಕೊಡ ನೀರು ಹೊಯ್ದ, ದಪ್ಪ ತಂತಿಯಿಂದ ಜನರೇಟರಿಗೆ ಬಿಗಿದ. ಹಸಿ ಉಪ್ಪಿನ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯುತ್ತದೆ. ಊರ ಕಡೆ ಮನೆಯ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕುತ್ತಾರಲ್ಲ, ಅದೇ ಲೆಕ್ಕ. ಆಮೇಲೆ ಟೆಸ್ಟರ್ ಹಿಡಿದು ಮೈಕು, ಗಿಟಾರು ಎರಡನ್ನೂ ಮುಟ್ಟಿ ನೋಡಿದ. ದೀಪ ಹತ್ತಲಿಲ್ಲ. ‘ಹಾಂ, ಈಗ ಎಷ್ಟು ಬೇಕಾದ್ರೂ ಕೂಗಿಕೊಳ್ಳಿ’ ಎಂದು ಹೋಗಿ ಮಲಗಿದ. ರಾಕ್ ಸಂಗೀತ ಅವನಿಗೆ ಕೂಗಾಟವೇ. ಮೂರು ವರ್ಷವಾದರೂ ಅಭಿಪ್ರಾಯ ಬದಲಾಗಲಿಲ್ಲ.

ಉಳಿದದ್ದೆಲ್ಲ ಕಾಯುವುದು. ಮಧ್ಯಾಹ್ನ ಎರಡಕ್ಕೆ ಬನ್ನಿ ಅನ್ನುತ್ತಾರೆ, ವೇದಿಕೆ ಐದಕ್ಕೆ ತಯಾರಾಗುತ್ತದೆ. ಹುಡುಗರು ಕಡಲತಡಿಯ ಗಾಳಿಮರದ ಕೆಳಗೆ ಡ್ರಮ್ಮಿನ ಚೀಲ ತಲೆಗೆ ಕೊಟ್ಟು ಮಲಗುತ್ತಿದ್ದರು. ಸನ್ಮಾನ, ಭಾಷಣ ಎಲ್ಲ ಮುಗಿದು ನಮ್ಮ ಸರದಿ ಬರುವಾಗ ಒಂಬತ್ತು ಕಾಲು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವಿಶೇಷ ಅನುಮತಿ ಕೊಟ್ಟರೆ ವರ್ಷದಲ್ಲಿ 15 ದಿನ ಮಾತ್ರ ನಡುರಾತ್ರಿಯವರೆಗೆ. ನಿಯಮ ಸರಿಯೇ, ಮಲಗುವವರೂ ಇರುತ್ತಾರಲ್ವಾ. ಆದರೆ ಭಾಷಣ ಮಾಡುವವರಿಗೂ ಒಂದು ಗಡಿಯಾರ ಕಾಣಬೇಕಿತ್ತು. ಮುಕ್ಕಾಲು ಗಂಟೆಯ ಹಾಡಿಗೆ ಇಡೀ ದಿನ.

ಅಂಥದೇ ಒಂದು ರಾತ್ರಿ ಭಟ್ಕಳದ ಕಡೆಯಿಂದ ಬರುತ್ತಿದ್ದೆವು. ಹೊನ್ನಾವರ ಇನ್ನೂ ದೂರ. ಹೆದ್ದಾರಿಯ ಪಕ್ಕದ ಬಯಲಿನಲ್ಲಿ ದೀಪ ಕಂಡಿತು. ಯಕ್ಷಗಾನ ಮೇಳ. ಬೆಳಗಿನವರೆಗಿನದಲ್ಲ, ಕಾಲಮಿತಿಯ ಆಟ, ಮುಗಿದಿತ್ತು. ರಂಗಸ್ಥಳ ಬಿಚ್ಚುತ್ತಿದ್ದರು. ಡ್ರೈವರಣ್ಣ ಗಾಡಿ ನಿಲ್ಲಿಸಿದ, ಚಹಾ ಸಿಗುತ್ತದೆ ಎಂಬ ಆಸೆ. ಸಿಕ್ಕಿತು. ವೇಷ ಕಟ್ಟುವ ಚೌಕಿಯಲ್ಲಿ ಒಬ್ಬ ವೇಷಧಾರಿ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ. ನಮ್ಮ ಡ್ರಮ್ಮಿನ ಹುಡುಗ ಚೆಂಡೆಯ ಮುಂದೆ ಕೂತು ಅದರ ಚರ್ಮ ಮುಟ್ಟಿ ಮುಟ್ಟಿ ನೋಡಿದ. ನನ್ನ ಕಣ್ಣು ಮಾತ್ರ ವೈರಿನ ಮೇಲೆ. ಮೇಳದ ಹಿರಿಯರೊಬ್ಬರು ಮೈಕಿನ ವೈರು ಸುತ್ತುತ್ತಿದ್ದರು. ಒಂದು ನೇರ, ಒಂದು ಮಗುಚಿ. ಯಾರೂ ಕಲಿಸಿರಲಿಕ್ಕಿಲ್ಲ.

ಸುತ್ತುತ್ತಲೇ ಕೇಳಿದರು: ‘ತಮಾ, ನಿಮ್ಮ ಆಟ ಎಲ್ಲಿತ್ತು?’

ಹೇಳಿದೆ.

‘ಎಷ್ಟು ಜನ?’

‘ಆರು.’

ಅವರು ಎದ್ದು ಬಂದು ನಮ್ಮ ಟೆಂಪೋದೊಳಗೆ ಟಾರ್ಚು ಬಿಟ್ಟರು. ಒಂದರ ಮೇಲೊಂದು ಪೆಟ್ಟಿಗೆ, ಮೂಲೆಯಲ್ಲಿ ಉಪ್ಪಿನ ಚೀಲ. ‘ಆರು ಜನಕ್ಕೆ ಇಷ್ಟೊಂದಾ? ಇದರಲ್ಲಿ ಕಿರೀಟ ಯಾವುದರಲ್ಲಿ ಉಂಟು?’ ಎಂದರು.

ನಮಸ್ಕಾರ.